ಹೆಟ್ಟಿಯ ಮನೆಯಲ್ಲಿ ಖಾಲಿ ಬಟ್ಟಲು

ಆ ಫೆರೆಟ್ ಜೋಡಿಯನ್ನು ಹೆಟ್ಟಿ ಸೈಕ್ಸ್ ಮೊದಲು ನೋಡಿದ್ದು, ಪಕ್ಕದ ಮನೆಯ ಸೆತ್ ಮೊಣಕಾಲಿನ ಆಪರೇಷನ್ನಿಗೆ ಹೊರಟ ದಿನ. ಕಲ್ಲಿದ್ದಲ ಗಣಿಯಲ್ಲಿ ದುಡಿದು ಮುದುಕನಾದ ಸೆತ್, ಪೆಟ್ಟಿಗೆಯನ್ನು ಅವಳ ಅಡುಗೆಮನೆಯಲ್ಲಿ ಇಳಿಸಿ ಮುಚ್ಚಳ ತೆಗೆದ. ಮುಂಗುಸಿಯನ್ನು ಎಳೆದು ಇನ್ನಷ್ಟು ಉದ್ದ ಮಾಡಿದಂಥ ಎರಡು ಪ್ರಾಣಿಗಳು ತಲೆಯೆತ್ತಿದವು. ಗಂಡು ಮೊಸ್, ಹೆಣ್ಣು ಪಿಪ್.

"ದಿನಕ್ಕೆ ತಲಾ ಒಂದು ಹಸಿ ಕೋಳಿ ರೆಕ್ಕೆ, ಜೊತೆಗೆ ಹೆಬ್ಬೆರಳಷ್ಟು ಲಿವರ್. ಮೊಸ್‌ಗೆ ಕೋಳಿ ಕತ್ತೂ ಒಂದಿರಲಿ. ಅಷ್ಟೇ ಕಣಮ್ಮ" ಎಂದ.

"ಅಷ್ಟೇನಾ? ನಮ್ಮ ಆರ್ನಲ್ಡ್ ಅಷ್ಟನ್ನ ಹಲ್ಲಿನ ಸಂದೀಲೇ ಬಿಟ್ಟಿರ್ತಿದ್ದ."

"ಆರ್ನಲ್ಡ್ ಆರಡಿ ಆಳು. ಇವೆರಡೂ ಸೇರಿದ್ರೆ ಅವನ ಒಂದು ಜೊತೆ ಬೂಟಿನ ತೂಕ."

"ನೀನು ಹೋಗು ಮಾರಾಯ. ಆರ್ನಲ್ಡನಂಥ ಗಂಡನನ್ನೂ ನಾಲ್ಕು ಗಂಡುಮಕ್ಕಳನ್ನೂ ಸಾಕಿದ ಕೈ ಇದು."

ಯಾರ್ಕ್‌ಷೈರಿನ ಆ ಬೀದಿಯಲ್ಲಿ ಹೆಟ್ಟಿಯ ಮೇಜಿಗೆ ಒಂದು ರಾಜಶಾಸನವಿತ್ತು. ಹೊಟ್ಟೆ ತುಂಬಿದವರು ತಟ್ಟೆಯಲ್ಲಿ ಒಂದು ತುತ್ತು ಬಿಡಬೇಕು. ತಟ್ಟೆ ಖಾಲಿಯಾದರೆ ಇನ್ನೂ ಬೇಕೆಂದೇ ಅರ್ಥ. ಅತಿಥಿಗಳಿಗೆಲ್ಲ ಇದು ಗೊತ್ತಿತ್ತು, ಈ ಇಬ್ಬರನ್ನು ಬಿಟ್ಟು.

ರೆಕ್ಕೆಗಳನ್ನು ಬಟ್ಟಲಿಗೆ ಹಾಕಿ, ಚಹಾಕ್ಕೆ ನೀರಿಟ್ಟು ತಿರುಗಿದರೆ ಬಟ್ಟಲು ಖಾಲಿ. ಮೂಳೆಯೂ ಇಲ್ಲ. ಪಾಪ, ಎಷ್ಟು ದಿನದ ಹಸಿವೋ ಎಂದು ಮತ್ತೆ ಹಾಕಿದಳು. ಮತ್ತೆ ಖಾಲಿ. ನಾಲ್ಕು ದಿನದಲ್ಲಿ ಕಸಾಯಿ ಅಂಗಡಿಯವನಿಗೇ ಅನುಮಾನ ಬಂತು.

"ಮನೇಲಿ ಮದುವೆಯೇನಾದ್ರೂ ಇದೆಯಾ ಹೆಟ್ಟಿ?"

"ಮದುವೆ ಎಲ್ಲಿಯದು. ಆ ಸೆತ್ ಮೂಕಪ್ರಾಣಿಗಳನ್ನ ಉಪವಾಸ ಕೆಡವಿದ್ದ, ಜೀವ ಉಳಿಸ್ತಿದ್ದೀನಿ."

ಅಂಗಡಿಯಲ್ಲಿ ಪಕ್ಕಕ್ಕೇ ಅದೇ ಬೀದಿಯ ಮಿಸೆಸ್ ಪಾಗ್ಸನ್ ನಿಂತಿದ್ದಳು. ಸಂಜೆಯೊಳಗೆ ಸೆತ್‌ನ ಕ್ರೌರ್ಯ ಊರಿಗೆಲ್ಲ ತಿಳಿಯಿತು.

ಭಾನುವಾರ ಪ್ರಾರ್ಥನಾಮಂದಿರದಲ್ಲಿ ಹೆಟ್ಟಿಯ ಮೂಗಿಗೆ ಏನೋ ಬಡಿಯಿತು. ಪಕ್ಕದಲ್ಲಿದ್ದವಳು ಮಿಸೆಸ್ ಪಾಗ್ಸನ್. ಹೆಟ್ಟಿ ಎಲ್ಲರಿಗೂ ಕಾಣುವಂತೆ ಕರವಸ್ತ್ರ ಮೂಗಿಗಿಟ್ಟು, ಕೈಚೀಲವನ್ನೂ ಎತ್ತಿಕೊಂಡು ಬೆಂಚಿನ ಆ ತುದಿಗೆ ಸರಿದಳು. ವಾಸನೆ ಅಲ್ಲಿಗೂ ಬಂತು. ಎಂಥ ಹೆಂಗಸು, ಹೆಟ್ಟಿ ಬೆರಗಾದಳು. ಮನೆಗೆ ಬಂದರೆ ಅಲ್ಲೂ ಅದೇ ನಾತ. ಮೋರಿ ತಿಕ್ಕಿದಳು, ಸತ್ತ ಗಂಡನ ಚಪ್ಪಲಿಗಳನ್ನು ಬೈದು ಹೊರಗೆಸೆದಳು.

ಗುರುವಾರ ಸೆತ್ ಊರುಗೋಲೂರಿ ಬಂದ. ಫೆರೆಟ್‌ಗಳ ಪೆಟ್ಟಿಗೆಯನ್ನು ವಾಪಸ್ ಹೊತ್ತುಕೊಡುವ ನೆಪದಲ್ಲಿ ಮಿಸೆಸ್ ಪಾಗ್ಸನ್ ಕೂಡ.

"ನೋಡು, ಹೇಗೆ ಮೈಕೈ ತುಂಬಿಕೊಂಡಿವೆ" ಎಂದಳು ಹೆಟ್ಟಿ. "ನೀನು ಹೊಟ್ಟೆಗೇ ಹಾಕ್ತಿರಲಿಲ್ಲ."

ಸೆತ್ ಮೂಗರಳಿಸಿದ. ಆರ್ನಲ್ಡನ ಕುರ್ಚಿಯ ಸಂದಿಗೆ ಕೈ ಹಾಕಿ ಒಂದು ರೆಕ್ಕೆ ತೆಗೆದ. ಆಮೇಲೆ ಇನ್ನೊಂದು. ಇದ್ದಿಲು ಬಕೆಟ್ಟಿನ ಹಿಂದೆ ಕತ್ತುಗಳ ರಾಶಿ. ಚಹಾ ಪಾತ್ರೆಗೆ ಹೊದಿಸುವ ಉಣ್ಣೆಯ ಟೋಪಿಯೊಳಗೆ ಲಿವರ್.

"ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದನ್ನ ಬಚ್ಚಿಡ್ತಾವೆ ಕಣೇ. ಬಟ್ಟಲು ಖಾಲಿ ಅಂದ್ರೆ ಹಸಿವು ಅಂತಲ್ಲ."

ಅಷ್ಟರಲ್ಲಿ ಪಿಪ್ ಬಾಗಿಲ ಬಳಿಯಿದ್ದ ಭಾನುವಾರದ ಕೈಚೀಲದೊಳಗೆ ನುಗ್ಗಿ, ಹಸಿರುಗಟ್ಟಿದ ರೆಕ್ಕೆಯೊಂದನ್ನು ಎಳೆದು ತಂದು ಮಿಸೆಸ್ ಪಾಗ್ಸನ್ನಳ ಪಾದದ ಬಳಿ ಹಾಕಿತು.

ಮಿಸೆಸ್ ಪಾಗ್ಸನ್ ಅದನ್ನು ನೋಡಿದಳು. ಕೈಚೀಲ ನೋಡಿದಳು.

"ಹಾಗಾದ್ರೆ ಅದು ನಾನಲ್ಲ" ಎಂದಳು ಮೆಲ್ಲಗೆ. "ಅವತ್ತು ಮನೆಗೆ ಹೋಗಿ ಎರಡು ಸಲ ಸ್ನಾನ ಮಾಡಿದೆ, ಹೆಟ್ಟಿ."

ಹೆಟ್ಟಿಗೆ ಇದ್ದಿಲು ಬಕೆಟ್ಟಿನೊಳಗೇ ಇಳಿದುಬಿಡೋಣ ಅನ್ನಿಸಿತು. ಕಿವಿಯವರೆಗೂ ಕೆಂಪಾಗಿ ಸೆತ್‌ನ ಕಡೆ ತಿರುಗಿದಳು.

"ಸೆತ್, ಅಂಗಡೀಲಿ ನಿನ್ನ ವಿಷಯ ನಾನು..."

"ಗೊತ್ತು. ಆಸ್ಪತ್ರೆಗೇ ಫೋನ್ ಮಾಡಿ ಯಾರೋ ಬೈದ್ರು."

ಮಿಸೆಸ್ ಪಾಗ್ಸನ್ ಕಿಟಕಿಯಾಚೆ ನೋಡತೊಡಗಿದಳು.

"ತಪ್ಪಾಯ್ತು" ಎಂದಳು ಹೆಟ್ಟಿ, ಇಬ್ಬರಿಗೂ. ಸೆತ್‌ನ ಇನ್ನೊಂದು ಮೊಣಕಾಲಿನ ಆಪರೇಷನ್ ವಸಂತಕ್ಕಿತ್ತು. ಆಗಲೂ ಇವನ್ನು ನನ್ನಲ್ಲೇ ಬಿಡ್ತೀಯಾ ಎಂದು ಕೇಳಬೇಕೆನಿಸಿತು. ಆರ್ನಲ್ಡ್ ತೀರಿಕೊಂಡ ಮೇಲೆ ಮೊದಲ ಸಲ ಈ ವಾರ ಮನೆಯಲ್ಲಿ ಸದ್ದಿತ್ತು. ಅದರ ಬದಲು ಬಗ್ಗಿ, ಕೈಚೀಲದ ಬಾಯನ್ನು ಟಪ್ಪೆಂದು ಮುಚ್ಚಿದಳು.

ಪಿಪ್ ತನ್ನ ರೆಕ್ಕೆಯನ್ನು ಮತ್ತೆ ಕಚ್ಚಿಕೊಂಡು ಕೈಚೀಲದ ಬಳಿಗೆ ಬಂತು. ಮುಚ್ಚಿದ ಬಾಯನ್ನು ಕಾಲಿನಿಂದ ಕೆರೆಯಿತು. ತೆರೆಯಲಿಲ್ಲ. ಆಗ ಹೆಟ್ಟಿಯ ಮುಖ ನೋಡಿ, ಉಗ್ರಾಣದ ಬಾಗಿಲು ಸ್ವಲ್ಪ ತೆಗೀತೀಯಾ ಎಂದು ಕಣ್ಣಲ್ಲೇ ಕೇಳಿತು.