ಮಾವನ ಕೈ, ಎಲ್ಲರ ಪರದೆ

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಕಂಪ್ಯೂಟರಿನ ಮೇಲೆಯೇ ಹೆಚ್ಚು ಮರ್ಯಾದೆ ಎಂದು ಅತ್ತೆ ದೂರುತ್ತಿದ್ದಳು. ಅನ್ಯಾಯದ ಮಾತು! ಅವನು ಮನುಷ್ಯರಿಗೆ ಮರ್ಯಾದೆ ಕೊಟ್ಟದ್ದನ್ನೇ ನಾನು ನೋಡಿಲ್ಲ, ಇನ್ನು ಹೆಚ್ಚು ಕಡಿಮೆ ಅಳೆಯುವುದು ಹೇಗೆ?

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಒಂದು ಸಗಟು ಬಟ್ಟೆ ಅಂಗಡಿಯ ಕಚೇರಿಯಲ್ಲಿ ಮಾವ ಕಂಪ್ಯೂಟರುಗಳ ಉಸ್ತುವಾರಿ, ನಾನು ಟೈಪಿಂಗ್ ಹುಡುಗಿ. ಹರಿಹರದಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಬಿಲ್ಲಿನ ಪ್ರೋಗ್ರಾಮು, ಲೆಕ್ಕದ ಪ್ರೋಗ್ರಾಮು ಎಲ್ಲ ಇದ್ದದ್ದು ಅವನ ಕೋಣೆಯ ದೊಡ್ಡ ಯಂತ್ರದಲ್ಲಿ. ನಮ್ಮ ಮೇಜುಗಳ ಮೇಲೆ ಅದರ ದರ್ಶನವಷ್ಟೇ! ಯಾರ ಪರದೆಯನ್ನಾದರೂ ಅವನು ಕೂತಲ್ಲೇ ನೋಡಬಲ್ಲ, ಮೌಸಿನ ಬಾಣವನ್ನೂ ಅಲ್ಲಿಂದಲೇ ಓಡಿಸಬಲ್ಲ. ಇಂಥ ಅಧಿಕಾರ ಇಂಥವನ ಕೈಗೆ ಸಿಕ್ಕರೆ?

ಒಮ್ಮೆ ಯಾರೋ ಕಂಪ್ಯೂಟರನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿಬಿಟ್ಟರು. ಮಾವ ಓಡಿಬಂದ. “ಉಣ್ಣೋವಾಗ ನಿಮ್ ತಾಟು ಕಸ್ಕಂಡ್ರೆ ಹೆಂಗಿರ್ತೈತ್ರಿ? ಅದಕ್ಕೆ ಹೇಳಿ ಆರಿಸ್ರಿ!”

ಮ್ಯಾನೇಜರು ಮಧ್ಯಾಹ್ನ ಉಂಡು ಬಂದು, ಬಾಗಿಲು ಮುಂದೆ ಮಾಡಿ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದರು. ಒಂದು ದಿನ ಎಕ್ಕ ತಾನೇ ಎದ್ದು ಹೋಗಿ ತನ್ನ ಜಾಗದಲ್ಲಿ ಕೂತಿತು! ಅವರು ಬೆವರುತ್ತ ಹೊರಬಂದರು.

“ಏನ್ರಿ ಇದು, ತಾನೇ ಆಡ್ತೈತಲ್ರಿ!”

“ನೀವು ಬಾಳ ನಿಧಾನ ಆಡ್ತೀರೇನೋ ಸಾರ್. ಅದಕ್ಕೂ ಬ್ಯಾಸರ ಬಂದಿರಬೇಕು” ಎಂದ ಮಾವ.

ಮರುದಿನದಿಂದ ಮ್ಯಾನೇಜರು ಬರೀ ನಿದ್ದೆ ಮಾಡಿದರು.

ಆನೆಕೊಂಡದ ಗಿರಿಜಕ್ಕನಿಗೆ ಗಂಡ ತೀರಿಕೊಂಡ ಮೇಲೆ ಬಿಲ್ ಬರೆಯುವ ಈ ಕೆಲಸವೇ ಆಧಾರ. ಆದರೆ ಕೀಬೋರ್ಡಿನಲ್ಲಿ ಒಂದು ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಎರಡು ತಪ್ಪು. “ತಿಂಗಳೊಳಗೆ ಕಲೀಬೇಕವ್ವಾ, ಇಲ್ಲಾಂದ್ರೆ ಬ್ಯಾರೆಯವ್ರನ್ನ ನೋಡ್ಕಂತೀನಿ” ಎಂದುಬಿಟ್ಟರು ಅಂಗಡಿಯ ಸಾಹುಕಾರರು. ಅಂದಿನಿಂದ ನೋಡಿ, ಆಕೆ ಕೀಲಿಗಳ ಮೇಲೆ ನೆಟ್ಟ ಕಣ್ಣೆತ್ತುವಷ್ಟರಲ್ಲಿ ಪರದೆಯ ಮೇಲಿನ ತಪ್ಪೆಲ್ಲ ಮಾಯ! “ನಾ ಅಷ್ಟೇನೂ ದಡ್ಡಿ ಅಲ್ಲ ಬಿಡು” ಎಂದು ನನ್ನೆದುರು ನಕ್ಕಳು. ಇದು ಯಾರ ಕೈಚಳಕವೆಂದು ನನಗೆ ಗೊತ್ತಿರಲಿಲ್ಲವೇ?

ತಿಂಗಳು ತುಂಬಿತು. ಪರೀಕ್ಷೆಯ ದಿನ ಸಾಹುಕಾರರು ಆಕೆಯ ಬೆನ್ನ ಹಿಂದೆಯೇ ನಿಂತರು. ನಾನು ಮಾವನ ಕೋಣೆಗೆ ನುಗ್ಗಿದೆ. ಅವನ ಪರದೆಯಲ್ಲಿ ಗಿರಿಜಕ್ಕನ ಬಿಲ್ಲು. ಸೀರೆಯ ದರದಲ್ಲಿ ಒಂದು ಸೊನ್ನೆ ಹೆಚ್ಚು!

“ಮಾವಾ, ತಿದ್ದು, ಜಲ್ದಿ!”

“ಸುಮ್ನಿರೇ. ವಾರದಿಂದ ನಾ ಕೈ ಹಾಕಿಲ್ಲ. ಅಕ್ಕಾರೇ ಮಾಡಾಕತ್ತಾರೆ.”

ಹಾಗೆ ಹೇಳಿದವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಬಾಣ ಮೆಲ್ಲಗೆ ಸೊನ್ನೆಯ ಬಳಿ ಬಂತು, ನಿಂತಿತು. ಸೊನ್ನೆ ಹೋಯಿತು. ಆಚೆ ಪ್ರಿಂಟರು ಕಿರ್ರೆಂದಿತು, ಹಿಂದೆಯೇ ಸಾಹುಕಾರರ “ಶಭಾಷ್ ಕಣವ್ವಾ!”

ಮಾವ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ನನಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂತು. ಬೆನ್ನು ಸವರಿದೆ.

“ಅಕ್ಕಾರಿಗೆ ಏನೂ ಹೇಳಬ್ಯಾಡ” ಎಂದ ತಲೆಯೆತ್ತದೆ. “ಕಲ್ತಿದ್ದು ಅವರೇ ಅಲ್ವೇನೇ?”