ಶಮಶಾದಬಿ ತಂದ ಶುಕ್ರವಾರ

ಲಕ್ಷ್ಮೇಶ್ವರದ ಸಮಗ್ರ ಸವಲತ್ತು ಉಪಕಚೇರಿಯಲ್ಲಿ ಗಡಿಯಾರವಿಲ್ಲ. ಇದ್ದದ್ದು ನಿಂತುಹೋಗಿತ್ತು. ಹೊಸ ಸೆಲ್ಲು ಬೇಕೆಂದು ಬರೆದಾಗ, 'ಗಡಿಯಾರವು ಗೋಡೆಗೆ ಹೊಂದಿಕೊಂಡಿರುವುದರಿಂದ ಸ್ಥಿರಾಸ್ತಿ, ಸೆಲ್ಲು ಚರಾಸ್ತಿ. ಚರವನ್ನು ಸ್ಥಿರದೊಳಗೆ ಸೇರಿಸಲು ಅವಕಾಶವಿಲ್ಲ' ಎಂದು ಮೇಲಿನಿಂದ ಉತ್ತರ ಬಂತು. ಖರ್ಚು ಉಳಿಸುವ ದೃಷ್ಟಿಯಿಂದ ಸೆಲ್ಲಿನ ಬದಲು ಒಂದು ಟಿವಿ ಮಂಜೂರಾಯಿತು.

ಛಾವಣಿಯ ಮೇಲೆ ಆಂಟೆನಾ ನಿಂತಿತು. ಬಾಡಿಗೆ ಇಲ್ಲದೆ ಪುಕ್ಕಟೆ ಬರುವ ಸರ್ಕಾರಿ ಚಾನೆಲ್ಲಿನ ಮೂಲೆಯಲ್ಲಿ ವಾರ, ತಾರೀಖು, ವೇಳೆ ಮೂರೂ ಕಾಣುತ್ತಿದ್ದವು. ಕೂಡಲೇ ಸುತ್ತೋಲೆ ಹೊರಟಿತು: 'ಸದರಿ ಕಚೇರಿಯ ಟಿವಿ ಪರದೆಯ ಮೇಲೆ ಕಾಣುವ ವಾರ, ತಾರೀಖು ಮತ್ತು ವೇಳೆಯನ್ನೇ ಅಧಿಕೃತವೆಂದು ತಿಳಿಯತಕ್ಕದ್ದು. ಬಿಸಿಲು, ನೆರಳು, ಹಸಿವು ಮುಂತಾದವುಗಳಿಂದ ವೇಳೆ ತಿಳಿಯುವ ಪದ್ಧತಿಯನ್ನು ಈ ಮೂಲಕ ರದ್ದುಪಡಿಸಲಾಗಿದೆ.'

ಅದೇ ಊರಿನ ಶಮಶಾದಬಿ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವಾಕೆ. ಅದೇ ಚಾನೆಲ್ಲಿನಲ್ಲಿ ಮುಂಜಾನೆ ಹಳೆಯ ಸಿನೆಮಾ ಹಾಡುಗಳು ಬರುತ್ತಿದ್ದವು. ಆ ಹೊತ್ತಿಗೆ ಆಕೆ ಶಾಲೆಯ ಒಲೆಯ ಮುಂದೆ. ಆದ್ದರಿಂದ ಮಗಳು ಅಮೀರಾ ಮನೆಯ ಟಿವಿ ಡಬ್ಬಿಗೆ ಪೆನ್ ಡ್ರೈವ್ ಸಿಕ್ಕಿಸಿ, ಹಾಡುಗಳು ತಾವಾಗಿಯೇ ರೆಕಾರ್ಡ್ ಆಗುವಂತೆ ಮಾಡಿದ್ದಳು. ಸಂಜೆ ಶಮಶಾದಬಿ ಕಾಲು ಚಾಚಿ ಕುಳಿತು ಮುಂಜಾನೆಯನ್ನು ನೋಡುತ್ತಿದ್ದಳು.

ಅಮೀರಾಗೆ ಗದಗದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹಾಸ್ಟೆಲ್ಲಿಗೆ ಸೇರಲು ಉಪಕಚೇರಿಯ ಪ್ರಮಾಣಪತ್ರ ಬೇಕು. ಅರ್ಜಿಗೆ ಕೊನೆಯ ದಿನ ಜೂನ್ ತಿಂಗಳ ಒಂದು ಶುಕ್ರವಾರ. ಆ ದಿನವೇ ಶಾಲೆಗೆ ಊಟದ ಗುಣಮಟ್ಟ ಪರೀಕ್ಷಿಸುವ ಅಧಿಕಾರಿಗಳು ಬಂದರು. ಗುಣಮಟ್ಟ ಒಳ್ಳೆಯದಿದ್ದುದರಿಂದ ಸಂಜೆಯವರೆಗೆ ಪರೀಕ್ಷಿಸಿದರು. ಶಮಶಾದಬಿಗೆ ಒಲೆ ಬಿಟ್ಟು ಏಳಲಾಗಲಿಲ್ಲ.

ಸೋಮವಾರ ಆಕೆ ಅರ್ಜಿ ಹಿಡಿದು ಹೋದಾಗ ಗುಮಾಸ್ತ ಕೊಟ್ರೇಶ ಅದನ್ನು ಮುಟ್ಟದೆ ಟಿವಿಯ ಕಡೆ ಕೈ ಮಾಡಿದ.

"ಏನ್ ಬರದೈತಿ ಓದ್ರಿ ಅಕ್ಕಾರ."

"ಸೋಮವಾರ ಅಂತೈತ್ರಿ."

"ಕೊನೀ ದಿನ ಶುಕ್ರವಾರ ಇತ್ತು. ಮುಗೀತು."

"ಹಂಗನಬ್ಯಾಡ್ರಿ ಸಾಹೇಬ್ರ. ನಮ್ಮ ಮನಿತನದಾಗ ಇಷ್ಟ ಓದಿದಾಕಿ ಇಕಿ ಒಬ್ಬಾಕಿನ. ಒಂದ ಸಹಿಗೆ ಹುಡುಗಿ ಮನ್ಯಾಗ ಕುಂಡ್ರೂವಂಗ ಆಗತೈತ್ರಿ."

"ನನ್ನ ಕೈಯಾಗ ಏನೈತಿ? ಆ ಟಿವಿಯಾಗ ಶುಕ್ರವಾರ ಬಂದ್ರ ಈಗಿಂದೀಗ ತೊಗೋತೀನಿ."

ಶಮಶಾದಬಿ ಮನೆಗೆ ಹೋಗಿ, ಸೆರಗಿನ ತುದಿಯಲ್ಲಿ ಪೆನ್ ಡ್ರೈವ್ ಗಂಟು ಹಾಕಿಕೊಂಡು ಬಂದಳು.

"ಶುಕ್ರವಾರ ತಂದೇನ್ರಿ."

ವಿಷಯ ಅಧೀಕ್ಷಕ ಚನ್ನಬಸವಣ್ಣನವರ ತನಕ ಹೋಯಿತು. ನೌಕರಿಗೆ ಸೇರಿದಂದಿನಿಂದ ಒಂದು ನಿಯಮವನ್ನೂ ಮುರಿಯದ ಮನುಷ್ಯ. ಸುತ್ತೋಲೆಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದರು.

"ಪರದೆಯ ಮೇಲೆ ಕಾಣುವ, ಅಂತೈತಿ. ಯಾವಾಗ ಬಂದದ್ದು ಕಾಣಬೇಕು ಅಂತ ಎಲ್ಲೂ ಇಲ್ಲ. ಹಚ್ರಿ."

ಹಚ್ಚಿದರು. ನಾಯಕಿ ಗಿಡದ ಹಿಂದೆ ಅಡಗಿದಳು. ಮೂಲೆಯಲ್ಲಿ ಶುಕ್ರವಾರ, ಮುಂಜಾನೆ ಎಂಟು ಗಂಟೆ.

"ಎಂಟಕ್ಕ ಕಚೇರಿ ತೆಗದಿರೂದಿಲ್ಲ," ಎಂದರು ಅಧೀಕ್ಷಕರು. "ಎಲ್ಲಾರೂ ಹೊರಗ ನಡೀರಿ."

ಸಿಬ್ಬಂದಿ ಕೀಲಿ ಹಾಕಿ ಹೊರಗೆ ನಿಂತರು. ಶಮಶಾದಬಿ ಕಿಟಕಿಯಿಂದ ರಿಮೋಟು ಚಾಚಿ ಹಾಡುಗಳನ್ನು, ಜಾಹೀರಾತುಗಳನ್ನು, ಒಬ್ಬ ಕೃಷಿ ತಜ್ಞನನ್ನು ಮುಂದೆ ಓಡಿಸಿದಳು. ಪುಣ್ಯಕ್ಕೆ ಅಂದು ಅಮೀರಾ ರೆಕಾರ್ಡ್ ನಿಲ್ಲಿಸುವುದನ್ನು ಮರೆತಿದ್ದಳು. ಪರದೆಯ ಮೇಲೆ ಹತ್ತಾಯಿತು. ಎಲ್ಲರೂ ಒಳಗೆ ಬಂದು ಸಮಯಕ್ಕೆ ಸರಿಯಾಗಿ ಹಾಜರಿ ಹಾಕಿದರು. ಇದು ಆ ಕಚೇರಿಯಲ್ಲಿ ಮೊದಲ ಸಲ.

ಕೊಟ್ರೇಶ ಮಾತ್ರ ಪೆನ್ನು ಕೆಳಗಿಟ್ಟ. "ಸರ್, ಶುಕ್ರವಾರ ನಾ ರಜಾದಾಗಿದ್ದೆ. ಇಲ್ಲೇ ಮಾಗಡಿಗೆ, ಅತ್ತಿ ಮನಿಗೆ ಹೋಗಿದ್ದೆ."

"ಹಂಗಾದ್ರ ಇಲ್ಲೇನ ಮಾಡಾಕತ್ತೀಯೋ? ಜಲ್ದಿ ಹೋಗು."

ಕೊಟ್ರೇಶ ಬಸ್ ಹಿಡಿದು ಹೋದ. ಅತ್ತೆಮನೆಯವರು ಎರಡನೆಯ ಸಲ ಹೋಳಿಗೆ ಮಾಡಿದರೆಂದು ತಿಳಿದುಬಂದಿದೆ.

ಅಧೀಕ್ಷಕರು ತಾವೇ ಅರ್ಜಿ ತೆಗೆದುಕೊಂಡು, ತಾವೇ ಸಹಿ ಮಾಡಿದರು. ಶಮಶಾದಬಿ ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು: "ಇದು ಗದಗದಾಗ ನಡೀತೈತೇನ್ರಿ ಸಾಹೇಬ್ರ? ಅಲ್ಲಿ ಇವತ್ತ ಸೋಮವಾರ ಐತಿ."

"ಅದು ಅವರ ಕಚೇರಿ ತೊಂದರಿ," ಎಂದರು ಚನ್ನಬಸವಣ್ಣ.

ನಡೆಯಿತು. ಅಮೀರಾಗೆ ಕಿಟಕಿಯ ಪಕ್ಕದ ಮಂಚವೂ ಸಿಕ್ಕಿತು. ಮಗಳನ್ನು ಬಿಟ್ಟು ಬರುವ ದಿನ ತಾಯಿ ಬಸ್ಸಿನಲ್ಲಿ ಗದಗದಿಂದ ಲಕ್ಷ್ಮೇಶ್ವರದ ತನಕ ಅತ್ತಳು. ಪಕ್ಕದಲ್ಲಿ ಕುಳಿತವರು ಯಾರೋ ತೀರಿಕೊಂಡಿರಬೇಕೆಂದು ಸಮಾಧಾನ ಹೇಳಿದರು.

ಖಬರ ಹಬ್ಬಿತು. ಕಚೇರಿಯ ಗೇಟಿನ ಮುಂದೆ ಅರ್ಜಿ ಬರೆದುಕೊಡುತ್ತಿದ್ದ ಏಜೆಂಟ್ ಹೊನ್ನೇಶ ಪೆನ್ನು ಬಿಟ್ಟು ದಿನಗಳ ವ್ಯಾಪಾರಕ್ಕೆ ಕುಳಿತ. ಕೊನೆಯ ದಿನಾಂಕಗಳಿಗೆ ಬಂಗಾರದ ರೇಟು. ಮುಂಡರಗಿಯಲ್ಲಿ ಯಾರೋ ಸಿನೆಮಾ ರೆಕಾರ್ಡ್ ಮಾಡಿದ್ದರಲ್ಲಿ ಸಿಕ್ಕ ಮಾರ್ಚ್ ಮೂವತ್ತೊಂದನ್ನು ಗುತ್ತಿಗೆದಾರರು ಸರದಿಯಲ್ಲಿ ನಿಂತು ಬಾಡಿಗೆಗೆ ಒಯ್ದರು. ರವಿವಾರಗಳನ್ನು ಸಾರ್ವಜನಿಕರು ಯಾರೂ ಕೇಳಲಿಲ್ಲ. ಅವು ಸಿಬ್ಬಂದಿಗೇ ಪೂರ್ತಿ ಖರ್ಚಾದವು. ಊಟದ ವೇಳೆಗೆ ರಿಮೋಟಿನಲ್ಲಿ ಚಿತ್ರ ನಿಲ್ಲಿಸಿಡುವ ಪದ್ಧತಿ ಬಂದದ್ದರಿಂದ, ಊಟದ ನಂತರದ ನಿದ್ದೆ ಸೇವಾ ಅವಧಿಯ ಹೊರಗೆ ಬಿತ್ತು. ಜೂನ್ ಕೊನೆಗೆ ನಿವೃತ್ತರಾಗಬೇಕಿದ್ದ ಚನ್ನಬಸವಣ್ಣನವರ ಬೀಳ್ಕೊಡುಗೆ ಹಾರ ಒಣಗಿತು. ಆ ತಾರೀಖನ್ನು ಯಾರೂ ತರಲಿಲ್ಲ, ಅವರೂ ಕೇಳಲಿಲ್ಲ.

ಆಗಸ್ಟಿನಲ್ಲಿ ಜಿಲ್ಲಾ ತನಿಖಾಧಿಕಾರಿ ನಂದೀಶ ಜೀಪಿನಲ್ಲಿ ಬಂದಿಳಿದರು. ಚನ್ನಬಸವಣ್ಣ ಎದ್ದು ನಿಂತು ಪರದೆ ತೋರಿಸಿದರು.

"ಇಲ್ಲಿ ಇನ್ನೂ ಜೂನ್ ಐತ್ರಿ. ನಿಮ್ಮ ಆದೇಶ ಆಗಸ್ಟಿನದು. ತಾವಿನ್ನೂ ಈ ಹುದ್ದೇಕ ಬಂದಿಲ್ರಿ."

ನಂದೀಶ ಹೊರಗೆ ಹೋಗಿ ಹೊನ್ನೇಶನಿಂದ ಒಂದು ಆಗಸ್ಟ್ ತಂದರು. ಅದನ್ನು ಹಚ್ಚಿದ ಕೂಡಲೇ ಚನ್ನಬಸವಣ್ಣ ಕುರ್ಚಿ ಬಿಟ್ಟು ಹೊರಗೆ ಹೋದರು. ಆಗಸ್ಟಿನಲ್ಲಿ ಅವರು ನಿವೃತ್ತರು. ಜೀಪು ತಿರುಗಿ ಹೋದ ಮೇಲೆ ಜೂನ್ ಹಚ್ಚಿದರು, ಅವರು ಮತ್ತೆ ಕುರ್ಚಿಗೆ ಬಂದರು. 'ವಿಚಾರಣೆಗೆ ಯಾರೂ ಲಭ್ಯರಿರಲಿಲ್ಲ. ಕಚೇರಿ ಶಾಂತವಾಗಿದೆ' ಎಂಬ ವರದಿ ಮೇಲಿನವರಿಗೆ ಬಹಳ ಹಿಡಿಸಿತು. ಎಲ್ಲ ದಿನಗಳನ್ನೂ ಸರ್ಕಾರದ ವಶಕ್ಕೆ ಪಡೆಯಲು ಅಪ್ಪಣೆಯಾಯಿತು. ಅನುಭವದ ಆಧಾರದ ಮೇಲೆ ಶಮಶಾದಬಿಯನ್ನು ದಿನಪಾಲಕಿ ಎಂದು ತಾತ್ಕಾಲಿಕವಾಗಿ ನೇಮಿಸಲಾಯಿತು.

ಒಂದು ದಿನ ಆಕೆ ಅಧೀಕ್ಷಕರ ಮುಂದೆ ನಿಂತಳು. "ಸಾಹೇಬ್ರ, ಪೆನ್ ಡ್ರೈವ್ ಎಲ್ಲಾ ತುಂಬ್ಯಾವ್ರಿ. ಯಾವುದಾರ ಒಂದ ದಿನಾ ಅಳಸಿದ್ರ ನಾಳಿಗೆ ಜಾಗಾ ಆಗತೈತಿ."

ಸಭೆ ಸೇರಿತು. ವಿಶೇಷವೇನೂ ನಡೆಯದ ಒಂದು ಬುಧವಾರವನ್ನು ಆರಿಸಿ, ಅಳಿಸಿ, ಆಮೇಲೆ ಬೋರ್ಡಿಗೆ ಪ್ರಕಟಣೆ ಹಚ್ಚಲಾಯಿತು: 'ಸದರಿ ಬುಧವಾರವನ್ನು ರದ್ದುಪಡಿಸುವ ಬಗ್ಗೆ ಆಕ್ಷೇಪಣೆಗಳಿದ್ದಲ್ಲಿ ಅದೇ ಬುಧವಾರ ಸಂಜೆ ಐದರೊಳಗೆ ಖುದ್ದಾಗಿ ಸಲ್ಲಿಸತಕ್ಕದ್ದು.'

ಆದರೂ ಆಕ್ಷೇಪಣೆ ಹಿಡಿದು ಬಂದವಳು ಒಬ್ಬಳೇ, ಶಿರಹಟ್ಟಿಯ ಶಾರದವ್ವ. ಬಗಲಲ್ಲಿ ಮೊಮ್ಮಗ, ಹಿಂದೆ ಬಾಣಂತಿ ಸೊಸೆ.

"ಈ ಕೂಸು ಆ ಬುಧವಾರನ ಹುಟ್ಟೇತ್ರಿ. ದಿನಾನ ಇಲ್ಲಂದ್ರ ಇದಕ್ಕೇನ ಮಾಡೂಣು?"

ಚನ್ನಬಸವಣ್ಣ ಕೂಸಿನ ಗಲ್ಲ ಮುಟ್ಟಿದರು. "ಗುರುವಾರ ಹುಟ್ಟೇತಿ ಅಂತ ಬರಕೊಡ್ತೀವಿ ತಗೋರಿ ಅವ್ವಾರ."

ಶಾರದವ್ವ ಸೊಸೆಯ ಕಡೆ ನೋಡಿದಳು. "ಬುಧವಾರ ದಿನಾಪೂರ್ತಿ ಬ್ಯಾನಿ ತಿಂದಾಳ್ರಿ ಇಕಿ."

"ಅದೂ ರದ್ದಾತು."

ಶಾರದವ್ವ ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿದಳು. "ಬ್ಯಾನಿ ಇಲ್ಲದ ಹೆರಿಗಿ! ಗುರುವಾರ ಚಲೋ ದಿನಾನೂ ಹೌದು ಬಿಡ್ರಿ," ಎಂದು ಸೊಸೆಯ ಬೆನ್ನು ಸವರಿದಳು. ಸೊಸೆಯೂ ತಲೆಯಾಡಿಸಿದಳು. ಕಚೇರಿಯವರಿಗೆಲ್ಲ ಪೇಢೆ ಹಂಚಲಾಯಿತು. ಶಮಶಾದಬಿ ಟಿವಿಯನ್ನು ಗುರುವಾರಕ್ಕೆ ತಂದು ನಿಲ್ಲಿಸುವ ತನಕ ಯಾರೂ ಬಾಯಿಗೆ ಇಡಲಿಲ್ಲ.