ಹೆಲಿಂಗ್ ಬೆಟ್ಟದ ಒಳದಾರಿ

ಕುವಾಂಗ್ ಮೇಷ್ಟ್ರಿಗೆ ಬಂದ ಕಷ್ಟಕ್ಕೆಲ್ಲ ಕಾರಣ ಅವರ ಬಾಯಿಂದ ಜಾರಿದ ಎರಡೇ ಎರಡು ಪದ: "ಮೂರು ಸಲ."

ಸೆಪ್ಟೆಂಬರಿನ ಕೊನೆಯ ವಾರ. ವಸತಿ ಸಮುಚ್ಚಯದ ಮೂರನೇ ಬ್ಲಾಕಿನ ಕೆಳಗೆ ಚಾಪೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಗುತ್ತಿತ್ತು. ಸುತ್ತ ಪುಟ್ಟ ಸ್ಟೂಲು ಹಾಕಿಕೊಂಡು ಬ್ಲಾಕಿನವರು ಅಕ್ಟೋಬರ್ ಒಂದರಿಂದ ಶುರುವಾಗುವ ವಾರದ ರಾಷ್ಟ್ರೀಯ ರಜೆಗೆ ಎಲ್ಲಿಗೆ ಹೋಗುವುದೆಂದು ಚರ್ಚಿಸುತ್ತಿದ್ದರು. ಮಾತು ಹೆಲಿಂಗ್ ಬೆಟ್ಟಕ್ಕೆ ಬಂತು. ಮೆಂಗ್ ಸಾಹೇಬರು, ಸರ್ಕಾರಿ ಕಚೇರಿಯಲ್ಲಿ ವಿಭಾಗಾಧಿಕಾರಿಯಾಗಿದ್ದು ನಿವೃತ್ತರಾಗಿ ಒಂಬತ್ತು ವರ್ಷವಾದರೂ ಹಿಂದೆ ಕೈ ಕಟ್ಟಿಕೊಂಡು ನಡೆಯುವುದನ್ನು ಬಿಡದವರು, ಗಂಟಲು ಸರಿಮಾಡಿಕೊಂಡು, "ಹೆಲಿಂಗ್ ಅಂದ್ರೆ ಸುಮ್ನೇನಾ? ಎರಡು ಸಾವಿರ ಮೀಟರ್ ಎತ್ತರ" ಎಂದರು.

ಇಪ್ಪತ್ತೇಳು ವರ್ಷದಿಂದ ಭೂಗೋಳ ಪಾಠ ಮಾಡುತ್ತಿದ್ದ ಕುವಾಂಗ್ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಸಾವಿರದ ನಾನೂರ ಹದಿನಾರು" ಎಂದುಬಿಟ್ಟರು.

ಮೆಂಗ್ ಸಾಹೇಬರು ಫ್ಲಾಸ್ಕಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದರು. "ಓಹೋ. ಟೇಪ್ ಹಿಡಿದು ಅಳೆದಿದ್ದೀರಾ? ಅಥವಾ ಒಂದ್ಸಲನಾದ್ರೂ ಹೋಗಿದ್ದೀರಾ?"

ಎಲ್ಲರೂ ನಕ್ಕರು. ಆಗ ಮೇಷ್ಟ್ರು ಹೇಳಿದ್ದು: "ಮೂರು ಸಲ."

ನಿಜ ಏನೆಂದರೆ, ಮೇಷ್ಟ್ರು ಹೆಲಿಂಗ್ ಇರಲಿ, ಯಾವ ಬೆಟ್ಟವನ್ನೂ ಹತ್ತಿದವರಲ್ಲ. ಬಸ್ಸು ಹತ್ತಿದರೆ ಅವರಿಗೆ ವಾಂತಿ. ಹಿಮಾಲಯದಿಂದ ಹಿಡಿದು ಆಂಡೀಸ್‌ವರೆಗೆ ಎಲ್ಲವನ್ನೂ ಅವರು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ದಾಟಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸೂಪಿಂಗ್ ಬೀನ್ಸ್ ಮುರಿಯುವುದನ್ನು ಬಿಟ್ಟು ಗಂಡನ ಮುಖವನ್ನು ಒಮ್ಮೆ ನೋಡಿದಳು. ಮತ್ತೆ ಬೀನ್ಸ್ ಮುರಿಯತೊಡಗಿದಳು. ಆ ನೋಟಕ್ಕೆ ಮೇಷ್ಟ್ರಿಗೆ ಎಲ್ಲಕ್ಕಿಂತ ಹೆಚ್ಚು ಭಯ.

"ಮೂರು ಸಲಾನಾ!" ಪಾಂಗ್ ಆಂಟಿ ತೊಡೆ ತಟ್ಟಿಕೊಂಡರು. ಬ್ಲಾಕಿನ ವಾಟರ್ ಪಂಪಿನಿಂದ ಹಿಡಿದು ಹುಡುಗಿಯರ ಮದುವೆಯವರೆಗೆ ಎಲ್ಲವೂ ನಡೆಯುತ್ತಿದ್ದದ್ದು ಈ ಆಂಟಿಯ ಫೋನಿನಲ್ಲಿ. "ಹಂಗಾದ್ರೆ ಗೈಡ್ ಯಾಕೆ? ನಮ್ಮ ಮೇಷ್ಟ್ರೇ ಇದ್ದಾರಲ್ಲ!" ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅದು ಬ್ಲಾಕಿನ ಗ್ರೂಪಿಗೆ ಹೋಗಿ, ಹದಿನೇಳು ಹೆಬ್ಬೆಟ್ಟುಗಳೂ ಬಂದಾಗಿತ್ತು.

ಅಕ್ಟೋಬರ್ ಒಂದರ ಬೆಳಿಗ್ಗೆ ಏಳೂವರೆಗೆ ಹನ್ನೆರಡು ಜನರ ವ್ಯಾನು ಬೆಟ್ಟದ ಬುಡದಲ್ಲಿ ನಿಂತಿತು. ಮೇಷ್ಟ್ರು ದಾರಿಯಲ್ಲಿ ನಾಲ್ಕು ಸಲ ವಾಂತಿ ಮಾಡಿ ಬೇಯಿಸಿದ ಎಲೆಕೋಸಿನಂತಾಗಿದ್ದರು. ಇಳಿದು ತಲೆ ಎತ್ತಿದರೆ ಬೆಟ್ಟ ಕಾಣಲಿಲ್ಲ, ತಲೆಗಳು ಕಂಡವು. ಇಡೀ ಪ್ರಾಂತ್ಯವೇ ಮನೆಗೆ ಬೀಗ ಹಾಕಿಕೊಂಡು ಇಲ್ಲಿಗೆ ಬಂದಂತಿತ್ತು. ಕೇಬಲ್ ಕಾರಿನ ಕ್ಯೂ ಟಿಕೆಟ್ ಗೇಟಿನಿಂದ ಹೊರಟು, ಪಾರ್ಕಿಂಗ್ ಸುತ್ತಿ, ಹಸಿ ಸೌತೆಕಾಯಿ ಮಾರುವವರ ನಡುವೆ ನುಸುಳಿ, ಎಲ್ಲೋ ಮಾಯವಾಗಿತ್ತು. ಅದರ ಬಾಲದಲ್ಲಿ ಒಂದು ಬೋರ್ಡು: "ಇಲ್ಲಿಂದ ಐದು ಗಂಟೆ ಕಾಯಬೇಕು."

"ಏನ್ ಮೇಷ್ಟ್ರೇ," ಮೆಂಗ್ ಸಾಹೇಬರು ಬೋರ್ಡನ್ನು ನಿಧಾನವಾಗಿ ಎರಡು ಸಲ ಓದಿ ಕೇಳಿದರು, "ಮೂರು ಸಲವೂ ಹಿಂಗೇ ನಿಂತಿದ್ರಾ?"

ಮೇಷ್ಟ್ರ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಅಭಿಮಾನ ಒಂದು ಮಾತ್ರ ಉಳಿದಿತ್ತು. "ಇದು ಹೊಸಬರ ಕ್ಯೂ. ಗೊತ್ತಿದ್ದೋರಿಗೆ ಒಳದಾರಿ ಇದೆ" ಎಂದರು.

ಸಾರ್ವಜನಿಕ ಶೌಚಾಲಯದ ಹಿಂದೆ ಪಾಚಿ ಕಟ್ಟಿದ ಮೆಟ್ಟಿಲುಗಳ ಒಂದು ಸಾಲು ಬಿದಿರಿನ ಮೆಳೆಯೊಳಗೆ ಹೋಗಿರುವುದು ಅವರ ಕಣ್ಣಿಗೆ ಬಿದ್ದಿತ್ತು. ಅಡ್ಡಲಾಗಿ ಒಂದು ಬಿದಿರು ಗಳ, ಅದಕ್ಕೆ "ಪ್ರವೇಶವಿಲ್ಲ" ಎಂಬ ಫಲಕ. ಮೇಷ್ಟ್ರು ಸ್ವಂತ ಮನೆಯ ಪರದೆ ಸರಿಸುವಂತೆ ಅದನ್ನು ಎತ್ತಿ ಪಕ್ಕಕ್ಕಿಟ್ಟರು.

"ಅಲ್ಲಾ ರೀ, ಬೋರ್ಡು..." ಸೂಪಿಂಗ್ ಮೆಲ್ಲಗೆ ಹೇಳಿದಳು.

"ಅದು ದಾರಿ ಗೊತ್ತಿಲ್ಲದೋರಿಗೆ ಹಾಕಿರೋದು."

"ಇಂಥೋರು ಪ್ರತಿ ಬ್ಲಾಕಿಗೂ ಒಬ್ಬೊಬ್ರು ಬೇಕು ಕಣ್ರೀ" ಎಂದು ಪಾಂಗ್ ಆಂಟಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು ಮೆಟ್ಟಿಲು ಹತ್ತಿದರು.

ಗುಂಪು ಚದುರದಿರಲೆಂದು ಮೇಷ್ಟ್ರು ತಮ್ಮ ಮಡಿಸಿದ ಕೊಡೆಯನ್ನು ಮೇಲೆತ್ತಿ ಹಿಡಿದರು. ಅದೇ ತಪ್ಪಾಯಿತು. ರಜೆಯ ದಿನ ಬೆಟ್ಟಕ್ಕೆ ಬಂದವರಿಗೆ ಬೆಟ್ಟಕ್ಕಿಂತ ಮೊದಲು ಕಾಣುವುದು ಮೇಲೆತ್ತಿದ ಕೊಡೆ. ಕೊಡೆ ಎತ್ತಿದವನಿಗೆ ದಾರಿ ಗೊತ್ತು ಎಂದೇ ಎಲ್ಲರ ನಂಬಿಕೆ. ಮೊದಲ ತಿರುವಿನಲ್ಲಿ ಮೇಷ್ಟ್ರು ಹಿಂದಿರುಗಿ ನೋಡಿದಾಗ ಹನ್ನೆರಡು ಜನ ಮೂವತ್ತಾಗಿದ್ದರು. ಮೂರನೇ ತಿರುವಿನಲ್ಲಿ ನೂರು. ಬಾಲದಿಂದ ಮಾತು ತೇಲಿ ಬರುತ್ತಿತ್ತು.

"ಇದು ಯಾವುದರ ಕ್ಯೂ?"

"ಗೊತ್ತಿಲ್ಲಪ್ಪಾ. ಆದ್ರೆ ಮುಂದೆ ಹೋಗ್ತಾ ಇದೆ!"

ಅಷ್ಟು ಸಾಕಾಯಿತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಹೈಹೀಲ್ಡಿನವರು, ಒಂದೇ ಬಣ್ಣದ ರೇಷ್ಮೆ ಸ್ಕಾರ್ಫ್ ಕಟ್ಟಿದ ನೃತ್ಯಮಂಡಳಿಯ ಹೆಂಗಸರು, ಎಲ್ಲರೂ ಸೇರಿಕೊಂಡರು.

ಮೆಂಗ್ ಸಾಹೇಬರು ಬೆನ್ನು ಬಿಡಲಿಲ್ಲ. ದಾರಿಯಲ್ಲಿ ಸಿಕ್ಕ ಮೊದಲ ಬಂಡೆಗೆ ಕೋಲು ತಟ್ಟಿ, "ಇದಕ್ಕೇನೋ ಹೆಸರಿರಬೇಕಲ್ಲ ಮೇಷ್ಟ್ರೇ?" ಎಂದು ಸಕ್ಕರೆಯಂಥ ದನಿಯಲ್ಲಿ ಕೇಳಿದರು.

"ಸೊಸೆಗೆ ಬಯ್ಯೋ ಅತ್ತೆ" ಎಂದರು ಮೇಷ್ಟ್ರು, ಏದುಸಿರಿನಲ್ಲಿ.

ಪಾಂಗ್ ಆಂಟಿ ಬಂಡೆಯನ್ನು ನೋಡಿ ಎದೆ ಹಿಡಿದುಕೊಂಡರು. "ಅಯ್ಯೋ! ನಮ್ಮತ್ತೇನೇ! ಆ ಮೂಗು ನೋಡ್ರೀ!" ನೂರು ಫೋನುಗಳು ಮೇಲೆದ್ದವು. ನೃತ್ಯಮಂಡಳಿಯವರು ಒಬ್ಬೊಬ್ಬರಾಗಿ ಬಂಡೆಯ ಮುಂದೆ ನಿಂತು ಬೈಸಿಕೊಳ್ಳುವ ಸೊಸೆಯಂತೆ ತಲೆ ತಗ್ಗಿಸಿ ಫೋಟೋ ತೆಗೆಸಿಕೊಂಡರು. ಆಮೇಲೆ ಮೇಷ್ಟ್ರಿಗೆ ಬಿಡುವೇ ಇಲ್ಲ. "ಕಾಲು ಜಾರಿದ ಮಂತ್ರಿ", "ನಿದ್ದೆ ಮಾಡೋ ಕಾವಲುಗಾರ", ಬಾಯಿಗೆ ಬಂದದ್ದನ್ನು ಹೇಳುತ್ತ ಹೋದರು. ಹೇಳುತ್ತ ಹೇಳುತ್ತ ದಾರಿ ತಪ್ಪಿತು.

ಮೆಟ್ಟಿಲು ಮುಗಿದು ಕಾಲುದಾರಿಯಾಯಿತು, ಕಾಲುದಾರಿ ಮುಗಿದು ಮೆಕ್ಕೆಜೋಳದ ಹೊಲವಾಯಿತು, ಹೊಲದ ಕೊನೆಗೆ ಒಂದು ಮಣ್ಣಿನ ಗೋಡೆ, ಅದರ ಹಿಂದೆ ಗುರುಗುರು ಸದ್ದು. ಒಬ್ಬ ಅಜ್ಜಿ ಬಕೆಟ್ ಹಿಡಿದು ಹೊರಬಂದಳು. ಹೊಲದ ತುಂಬ ನಿಂತ ಮುನ್ನೂರು ಜನರನ್ನು ನೋಡಿದರೂ ಬಕೆಟ್ ಕೆಳಗಿಡಲಿಲ್ಲ.

"ಎಲ್ಲಿಗೆ ಹೊರಟ್ರಿ ಇಷ್ಟೂ ಜನ?"

"ಶಿಖರಕ್ಕೆ."

"ಶಿಖರ ಆ ಕಡೆ. ಇದು ನನ್ನ ಹಂದಿದೊಡ್ಡಿ."

ಮುನ್ನೂರು ಜೋಡಿ ಕಣ್ಣುಗಳು ಮೇಷ್ಟ್ರ ಮೇಲೆ ನೆಟ್ಟವು. ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಬಳಸುವ ದನಿಯನ್ನೇ ಮೇಷ್ಟ್ರು ತೆಗೆದರು. "ಶಿಖರವನ್ನ ಯಾರು ಬೇಕಾದ್ರೂ ತೋರಿಸ್ತಾರೆ. ನಿಜವಾದ ಬೆಟ್ಟದ ಬದುಕು ನೋಡಲಿ ಅಂತ ಬೇಕಂತಲೇ ಈ ಕಡೆ ಕರ್ಕೊಂಡು ಬಂದೆ."

"ಆಹಾ!" ಎಂದಿತು ಜನ. ಪೇಟೆಯ ಮಕ್ಕಳು ಜೀವಂತ ಹಂದಿಯನ್ನು ನೋಡಿ ಕೇಕೆ ಹಾಕಿದರು. ಅಜ್ಜಿ ಚುರುಕು. ಹತ್ತು ನಿಮಿಷದಲ್ಲಿ ಬೇಯಿಸಿದ ಜೋಳಕ್ಕೆ ಒಂದು ಬೆಲೆ, ಕಕ್ಕಸಿಗೆ ಒಂದು ಬೆಲೆ, ಹಂದಿಯ ಜೊತೆ ಫೋಟೋಗೆ ಇನ್ನೊಂದು ಬೆಲೆ ಕಟ್ಟಿಬಿಟ್ಟಳು. ಮೂರನೆಯದಕ್ಕೆ ಕ್ಯೂ ಎಲ್ಲಕ್ಕಿಂತ ಉದ್ದವಿತ್ತು.

ಆ ಗದ್ದಲದಲ್ಲಿ ಸೂಪಿಂಗ್ ಗಂಡನ ಪಕ್ಕಕ್ಕೆ ಬಂದಳು. "ಇಳಿಯೋ ದಾರಿ ಗೊತ್ತಾ?"

"ಗೊತ್ತು."

"ನನ್ನ ಮುಖ ನೋಡಿ ಹೇಳಿ."

ಮೇಷ್ಟ್ರು ಹಂದಿಯ ಮುಖ ನೋಡಿದರು. ಆಮೇಲೆ ಯಾರಿಗೂ ಕಾಣದಂತೆ ಅಜ್ಜಿಯ ಹಿಂದೆ ಹೋಗಿ ಕೇಳಿಕೊಂಡರು. ಅಜ್ಜಿ ಜೋಳದ ದಂಟಿನಿಂದ ಮೇಲೆ ತೋರಿಸಿದಳು. "ಆ ಏರು ಹತ್ತಿದ್ರೆ ಬಂಡೆ. ಅದರಾಚೆ ಬೆಟ್ಟದ ಕಚೇರಿಯೋರು ಇಳಿಯೋ ಮೆಟ್ಟಿಲು ಸಿಗುತ್ತೆ. ಬೇಗ ಕರ್ಕೊಂಡು ಹೋಗಪ್ಪಾ, ಹಂದಿ ಹೆದರಿದೆ."

ಏರು ಹತ್ತಿ ಬಂಡೆಯ ತುದಿಗೆ ಬಂದಾಗ ಮೇಷ್ಟ್ರ ಕೈಯಲ್ಲಿದ್ದ ಕೊಡೆ ತಾನಾಗಿ ಕೆಳಗಿಳಿಯಿತು.

ಕಾಲ ಕೆಳಗೆ ಬೆಳ್ಳನೆಯ ಮೋಡ, ಅದನ್ನು ಸೀಳಿಕೊಂಡು ನಿಂತ ಕಲ್ಲಿನ ಶಿಖರಗಳು, ಒಂದೊಂದರ ನೆತ್ತಿಯ ಮೇಲೂ ನಾಲ್ಕಾರು ಪೈನ್ ಮರ. ಮೋಡ ಸರಿದಂತೆಲ್ಲ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು, ಕೊನೆಯದು ಆಕಾಶವೋ ಬೆಟ್ಟವೋ ಗೊತ್ತಾಗದಷ್ಟು ತಿಳಿ ನೀಲಿ. ಇಪ್ಪತ್ತೇಳು ವರ್ಷದಿಂದ ಇದನ್ನೇ ಬೋರ್ಡಿನ ಮೇಲೆ ಒತ್ತೊತ್ತಾದ ಗೆರೆಗಳಾಗಿ ಎಳೆದು, ಗಂಟೆ ಹೊಡೆದ ಕೂಡಲೇ ಒರೆಸಿಹಾಕುತ್ತಿದ್ದ ಮೇಷ್ಟ್ರ ಕಣ್ಣು ಮಂಜಾಯಿತು. ಮುನ್ನೂರು ಜನರೂ ಬಂಡೆಯ ಅಂಚಿಗೆ ಬಂದು ಕತ್ತು ಚಾಚಿದರು. ಪಾಂಗ್ ಆಂಟಿಯಂತೂ ಸುಮಾರು ಮೂರು ಬೀಜ ತಿನ್ನುವಷ್ಟು ಹೊತ್ತು ಬಾಯಾಡಿಸಲಿಲ್ಲ.

ಆಮೇಲೆ ಫೋನುಗಳು ಮೇಲೆದ್ದವು. "ಜಾಗದ ಹೆಸರೇನು ಸಾರ್?" "ಮೋಡ ತೊಳೆಯೋ ಕಟ್ಟೆ" ಎಂದರು ಮೇಷ್ಟ್ರು, ಈ ಸಲ ಮನಸಾರೆ. ಯಾರೋ ಇಬ್ಬರು ಯುವಕರು ಅವರನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ನೃತ್ಯಮಂಡಳಿ ಹಾಡಿತು. ಮೆಂಗ್ ಸಾಹೇಬರು ಮುಖ ಗಂಟಿಕ್ಕಿಕೊಂಡೇ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ, "ತಗೊಳ್ಳಿ, ಗಂಟಲು ಒಣಗಿರಬೇಕು" ಎಂದರು. ಹನ್ನೊಂದು ವರ್ಷದ ನೆರೆಹೊರೆಯಲ್ಲಿ ಅವರು ಯಾರಿಗೂ ಆ ಫ್ಲಾಸ್ಕಿನಿಂದ ಒಂದು ಹನಿ ಕೊಟ್ಟಿರಲಿಲ್ಲ. ಹೆಗಲ ಮೇಲೆ ಕೂತ ಮೇಷ್ಟ್ರಿಗೆ ತಾನು ನಿಜವಾಗಿಯೂ ಮೂರು ಸಲ ಬಂದಿರಬಹುದೇನೋ ಎನ್ನಿಸತೊಡಗಿತು.

ಅಷ್ಟರಲ್ಲಿ ಸೀಟಿ ಕೇಳಿತು.

ಬಂಡೆಯ ಆಚೆಯ ಮೆಟ್ಟಿಲಿಂದ ಸಮವಸ್ತ್ರದ ಐದಾರು ಜನ ಏದುಸಿರು ಬಿಡುತ್ತ ಹತ್ತಿ ಬಂದರು. ಮುಂದಿದ್ದ ಹೆಂಗಸು ಬೆಟ್ಟದ ಆಡಳಿತ ಕಚೇರಿಯ ಮೇಲಧಿಕಾರಿ ಶ್ಯುಯೆ, ಕೈಯಲ್ಲಿ ಧ್ವನಿವರ್ಧಕ. "ಈ ಜನಾನ ಇಲ್ಲಿಗೆ ಕರ್ಕೊಂಡು ಬಂದೋರು ಯಾರು? ಮುಂದೆ ಬನ್ನಿ!"

ಎತ್ತಿಕೊಂಡಿದ್ದ ಯುವಕರು ಮೇಷ್ಟ್ರನ್ನು ಬಿಸಿ ಪಾತ್ರೆಯಂತೆ ಕೆಳಗಿಟ್ಟರು. ಹಾಡು ನಿಂತಿತು. ಒಂದು ಕ್ಷಣದ ಹಿಂದೆ ಮೈಗೆ ಮೈ ಅಂಟಿಸಿ ಸೆಲ್ಫಿ ತೆಗೆದವರೆಲ್ಲ ಹಿಂದೆ ಸರಿದು, ಮೇಷ್ಟ್ರ ಸುತ್ತ ಒಂದು ಹಂದಿ ಓಡಾಡುವಷ್ಟು ಜಾಗ ಬಿಟ್ಟುಕೊಟ್ಟರು. "ನಾವು ಪಾಪ ಏನೂ ಗೊತ್ತಿಲ್ದೆ ಬಂದ್ವಿ" ಎಂದು ಪಾಂಗ್ ಆಂಟಿಯ ದನಿ ಎಲ್ಲಿಂದಲೋ ಬಂತು.

ಮೇಷ್ಟ್ರ ಕಣ್ಣ ಮುಂದೆ ಎತ್ತಿಟ್ಟ ಫಲಕ, ಹೆಡ್‌ಮಾಸ್ಟರರ ಕೋಣೆ, ಶಾಲೆಗೆ ಬರುವ ಕಾಗದ, ನಿವೃತ್ತಿಗೆ ಉಳಿದ ಮೂರು ವರ್ಷ ಎಲ್ಲವೂ ಸಾಲಾಗಿ ಹಾದುಹೋದವು.

"ನಾನಲ್ಲ!" ಎಂದು ಕಿರುಚಿದರು. "ನಾನು ಜೀವಮಾನದಲ್ಲಿ ಈ ಬೆಟ್ಟ ಹತ್ತಿಲ್ಲ! ಮೂರು ಸಲ ಅಂದಿದ್ದು ಶುದ್ಧ ಸುಳ್ಳು! ಕರ್ಕೊಂಡು ಬಂದೋರು ಇವರು, ಮೆಂಗ್ ಸಾಹೇಬ್ರು! ನಾನು ಬರೀ ಅವರ ಹಿಂದೆ ಬಂದವನು!" ಎನ್ನುತ್ತ ಕೊಡೆಯನ್ನು ಮೆಂಗ್ ಸಾಹೇಬರ ಕೈಗೆ ತುರುಕಿದರು. ಸುತ್ತಲಿನ ಫೋನುಗಳು ಅಷ್ಟನ್ನೂ ನುಂಗಿಕೊಂಡವು.

ಮೆಂಗ್ ಸಾಹೇಬರ ಮುಖ ತೋಫುವಿನ ಬಿಳಿ ಬಣ್ಣಕ್ಕೆ ತಿರುಗಿತು. ಬೈಯಲು ಬಾಯಿ ತೆರೆದರು. ಅದಕ್ಕೆ ಮೊದಲೇ ಶ್ಯುಯೆ ಮೇಡಂ ಟೋಪಿ ತೆಗೆದು, ಕೊಡೆ ಹಿಡಿದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸಾಹೇಬ್ರೇ, ನಮ್ಮ ಮಾನ ಉಳಿಸಿದ್ರಿ! ಕೆಳಗೆ ಜನ ಉಸಿರಾಡೋಕೂ ಜಾಗ ಇಲ್ದೆ ನಮಗೆ ಬೈತಾ ಇದ್ರು. ಅಷ್ಟರಲ್ಲಿ ಇಲ್ಲಿಯ ವಿಡಿಯೋ ಊರೆಲ್ಲಾ ಹರಿದಾಡಿದೆ, ಅದರಲ್ಲಿ ಕಾಣೋದು ಈ ಕೊಡೆ ಒಂದೇ. ಜಿಲ್ಲೆಯ ಮುಖ್ಯಸ್ಥರೇ ಫೋನ್ ಮಾಡಿ, 'ಜನದಟ್ಟಣೆ ತಗ್ಗಿಸೋಕೆ ಹೊಸ ದಾರಿ ತೆಗೆದದ್ದು ಯಾರು?' ಅಂತ ಕೇಳಿದ್ರು. ನಾವೇ ಅಂತ ಹೇಳಿಬಿಟ್ಟಿದ್ದೀವಿ. ಈಗ ತೋರ್ಸೋಕೆ ಒಬ್ಬರು ಬೇಕಾಗಿತ್ತು!"

ಹಿಂದಿದ್ದವನು ಚೀಲದಿಂದ ಕೆಂಪು ರೇಷ್ಮೆಯ ದೊಡ್ಡ ಹೂವನ್ನೂ "ಗೌರವ ಮಾರ್ಗದರ್ಶಕ" ಎಂದು ಬರೆದ ಪಟ್ಟಿಯನ್ನೂ ತೆಗೆದ.

ಮೆಂಗ್ ಸಾಹೇಬರು ತೆರೆದ ಬಾಯನ್ನು ಮುಚ್ಚಿದರು. ಮೂವತ್ತು ವರ್ಷದ ಸರ್ಕಾರಿ ಅನುಭವ ಆ ಒಂದು ಕ್ಷಣದಲ್ಲಿ ಕೆಲಸಕ್ಕೆ ಬಂತು. ಮತ್ತೆ ತೆರೆದಾಗ ಅದರಿಂದ ಹೊರಬಂದದ್ದು: "ಜನಸೇವೆ ನಮ್ಮ ಅಭ್ಯಾಸ ಅಷ್ಟೇ."

"ನಾನು! ಅದು ನಾನೇ!" ಮೇಷ್ಟ್ರು ಮುಂದೆ ನುಗ್ಗಿದರು. "ಹೆಸರಿಟ್ಟೋನು ನಾನು, ಕೊಡೆ ನಂದು!"

ಶ್ಯುಯೆ ಮೇಡಂ ನಕ್ಕರು. "ಹೂವು ಕಂಡ ಕೂಡ್ಲೇ ಹಿಂಗೇ ಹತ್ತು ಜನ ಬರ್ತಾರೆ ಬಿಡಿ."

ಮೇಷ್ಟ್ರು ನೆರೆಯವರತ್ತ ತಿರುಗಿದರು. ಪಾಂಗ್ ಆಂಟಿ ಫೋನು ಎತ್ತಿ ತೋರಿಸಿದರು. "ನೀವೇ ಬಾಯ್ಬಿಟ್ಟು ಹೇಳಿದ್ದು ಇಲ್ಲಿದೆ ನೋಡಿ ಮೇಷ್ಟ್ರೇ. ಗ್ರೂಪಿಗೂ ಕಳಿಸಿ ಆಯ್ತು." ಕೊನೆಗೆ ಅವರು ಹೆಂಡತಿಯ ಕಡೆ ನೋಡಿದರು.

"ಮದುವೆಯಾಗಿ ಇಪ್ಪತ್ನಾಲ್ಕು ವರ್ಷದಲ್ಲಿ ಇವತ್ತು ಒಂದ್ಸಲ ನಿಜ ಹೇಳಿದ್ರಿ" ಎಂದಳು ಸೂಪಿಂಗ್, "ಅದೂ ಅರ್ಧ."

ಫೋಟೋ ತೆಗೆಯುವವನು ಮೇಷ್ಟ್ರನ್ನು ಚೌಕಟ್ಟಿನಿಂದ ಎರಡು ಸಲ ಆಚೆ ಕಳಿಸಿದ. ಚಪ್ಪಾಳೆ ಮುಗಿದ ಮೇಲೆ ಶ್ಯುಯೆ ಮೇಡಂ ಹೇಳಿದರು: "ನಾಳೆಯಿಂದ ರಜೆ ಮುಗಿಯೋವರೆಗೆ ದಿನಾ ಬೆಳಿಗ್ಗೆ ಆರಕ್ಕೆ ಐನೂರು ಜನ ಇರ್ತಾರೆ ಸಾಹೇಬ್ರೇ. ಇದೇ ದಾರಿ, ಎಲ್ಲಾ ಬಂಡೆಗಳ ಹೆಸರೂ ಹೇಳ್ಬೇಕು. ಟೀವಿಯೋರೂ ಬರ್ತಾರೆ. ಉಳಿಯೋಕೆ ನಮ್ಮ ಅತಿಥಿಗೃಹ ಇದೆ."

ಮೆಂಗ್ ಸಾಹೇಬರ ನಗು ಮುಖದ ಮೇಲೇ ಒಣಗಿತು. ದಾರಿಯುದ್ದಕ್ಕೂ ಅವರು ನೋಡಿದ್ದು ಮೇಷ್ಟ್ರ ಬೆನ್ನನ್ನು ಮಾತ್ರ. ಹೂವು ಸರಿಮಾಡಿಕೊಳ್ಳುವ ನೆಪದಲ್ಲಿ ಮೇಷ್ಟ್ರ ತೋಳು ಹಿಡಿದು ಪೈನ್ ಮರದ ಮರೆಗೆ ಎಳೆದುಕೊಂಡು ಹೋದರು.

"ನೀವೂ ಇಲ್ಲೇ ಉಳ್ಕೊತೀರಿ."

"ನಾನ್ಯಾಕೆ? ವ್ಯಾನು ನಾಲ್ಕಕ್ಕೆ ಹೊರಡುತ್ತೆ. ನಾನು ಮನೆಗೆ ಹೋಗ್ಬೇಕು."

ಮೆಂಗ್ ಸಾಹೇಬರು ತಮ್ಮ ಫ್ಲಾಸ್ಕಿನ ಪಟ್ಟಿಯನ್ನು ಮೇಷ್ಟ್ರ ಕೊರಳಿಗೆ ಹಾಕಿ, ಭುಜ ತಟ್ಟಿದರು. "ಮೆಂಗ್ ಸಾಹೇಬ್ರ ಹಿಂದೆ ಬಂದವನು ಅಂತ ಮುನ್ನೂರು ಜನರೆದುರು ನೀವೇ ಹೇಳಿದ್ದಲ್ವಾ ಮೇಷ್ಟ್ರೇ? ಬನ್ನಿ ಮತ್ತೆ. ನಾಳೆ ಒಂದು ಹೆಜ್ಜೆ ಮುಂದೇನೇ ನಡೀರಿ. ಆದ್ರೆ ನೋಡೋರಿಗೆ ಹಿಂದೆ ಇದ್ದಂಗೆ ಕಾಣ್ಬೇಕು."